ಬೆಳುವಾಯಿಯ ಎಮ್ಮೆ

ಪಾಣೆಮಂಗಳೂರು ಸೇತುವೆಯ ನಟ್ಟನಡುವೆ ಎಡಗಾಲಿನ ಚಪ್ಪಲಿಯ ಬಾರು ಕಿತ್ತುಹೋಯಿತು. ಬಾಲಸುಬ್ರಹ್ಮಣ್ಯ ಮೋಟಾರ್ ಸೈಕಲನ್ನು ಕಬ್ಬಿಣದ ಕಂಬಿಗೆ ಒರಗಿಸಿದ. ಬಗ್ಗಿ ನೋಡಿ, ಎರಡೂ ಚಪ್ಪಲಿಗಳನ್ನು ಕಳಚಿ ಪೆಟ್ರೋಲ್ ಟ್ಯಾಂಕಿಗೆ ಹಗ್ಗದಿಂದ ಬಿಗಿದು ಮತ್ತೆ ದೂಡತೊಡಗಿದ. ನಾಲ್ಕು ವರ್ಷದಲ್ಲಿ ಇದು ಐದನೆಯ ಜೊತೆ. ಗಾಡಿ ಇಟ್ಟುಕೊಂಡವರಿಗೆಲ್ಲ ಟಯರು ಸವೆಯುತ್ತದೆ, ನಿಮಗೆ ಚಪ್ಪಲಿ ಸವೆಯುತ್ತದಲ್ಲ ಎಂದು ಹೆಂಡತಿ ತ್ರಿಪುರಸುಂದರಿ ಹೋದ ದೀಪಾವಳಿಗೆ ಹೇಳಿದ್ದಳು. ಹೇಳಿದವಳೇ ಒಗ್ಗರಣೆಗೆ ಸಾಸಿವೆ ಹಾಕಿದ್ದಳು. ಸಾಸಿವೆ ಸಿಡಿದ ಸದ್ದಿನಲ್ಲಿ ಮಾತು ಅಲ್ಲಿಗೇ ನಿಂತಿತ್ತು. ಅವಳಿಗೆ ಗೊತ್ತೋ, ಇಲ್ಲವೋ? ಶನಿವಾರ ಸಂಜೆ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು, ಗಾಡಿಯನ್ನು ಸ್ಟ್ಯಾಂಡಿನ ಮೇಲೆಯೇ ನಿಲ್ಲಿಸಿ ಹತ್ತು ನಿಮಿಷ ಇಂಜಿನ್ ಓಡಿಸುವಾಗ ನರಿಕೊಂಬಿನ ಅರ್ಧ ಊರಿಗೆ ಸದ್ದು ಕೇಳುತ್ತದೆ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಮಾತ್ರ ಯಾವ ಸದ್ದೂ ಇಲ್ಲದೆ ಅವನು ಗೇಟು ದಾಟಿರುತ್ತಾನೆ. ಹಿಂದಿನಿಂದ ಮಂಗಳೂರಿನ ಮೊದಲ ಬಸ್ಸು ಬಂತು. ಅವನು ಥಟ್ಟನೆ ಕೂತು, ಇಂಜಿನ್ನಿನಲ್ಲಿ ಏನೋ ಹುಡುಕುವವನ ಹಾಗೆ ಮುಖ ಬಗ್ಗಿಸಿದ. ಬಸ್ಸು ದಾಟಿಹೋದ ಮೇಲೆ ಎದ್ದ. ಬಸ್ಸು ಬಂದಾಗೆಲ್ಲ ಹೀಗೆ ಕೂತು ಎದ್ದು ಮೊಣಕಾಲಿನ ಗಂಟು ಸವೆದದ್ದನ್ನು ತ್ರಿಪುರಸುಂದರಿ ಇನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ವಿಷಯ ಇಷ್ಟೆ: ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಯ ಕಡೆ ಯಾರ ಮೋಟಾರ್ ಸೈಕಲಿನ ಕರೆಂಟು ಕೆಟ್ಟರೂ ಜನ ಹೆಸರು ಹೇಳುವುದು ನರಿಕೊಂಬಿನ ಮಾಷ್ಟ್ರದ್ದು, ಆ ಮಾಷ್ಟ್ರಿಗೆ ಮೋಟಾರ್ ಸೈಕಲ್ ಬಿಡಲು ಬರುವುದಿಲ್ಲ. ಘಟ್ಟದ ಮೇಲಿನ ತೋಟದ ದೊರೆ ಊರು ಬಿಟ್ಟುಹೋಗುವಾಗ ಮಾರಿದ ಗಾಡಿ ಅದು. ಒಂದೇ ಒಂದು ಸಲ, ಶಾಲೆಯ ಮೈದಾನದಲ್ಲಿ, ಒಂಬತ್ತನೆಯ ತರಗತಿಯ ನಲವತ್ತೆರಡು ಹುಡುಗರ ಎದುರು ಅವನು ಅದರ ಮೇಲೆ ಕೂತದ್ದುಂಟು. ಕ್ಲಚ್ಚು ಹೇಗೆ ಕೆಲಸ ಮಾಡುತ್ತದೆಂದು ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿಯೇ ಬಂದಿದ್ದ. ಗಾಡಿ ಒಮ್ಮೆ ಮುಂದಕ್ಕೆ ಹಾರಿತು, ಅವನು ಹಿಂದಕ್ಕೆ ಬಿದ್ದ. ಹುಡುಗರು ನಗಲಿಲ್ಲ. ನಗದೆ ನಿಂತ ಆ ನಲವತ್ತೆರಡು ಮುಖಗಳು ಈಗಲೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಬಂದು ನಿಲ್ಲುತ್ತವೆ. ಹೆಡ್ ಮಾಸ್ಟರು ಮಾತ್ರ, "ನಿಮ್ಮ ಪಾಠ ಚೆನ್ನಾಗಿತ್ತು" ಎಂದಿದ್ದರು. ಅಂದು ಗಾಡಿಯನ್ನು ದೂಡಿಕೊಂಡು ಮನೆಗೆ ಹೋಗುವಾಗ, ಬೆಳ್ತಂಗಡಿಯಲ್ಲಿ ಹೋಟೆಲು ಇಟ್ಟಿರುವ ಭೋಜ ತನ್ನ ಗಾಡಿ ನಿಲ್ಲಿಸಿ, "ಎಂತ ಆಯ್ತು ಮಾಷ್ಟ್ರೆ?" ಎಂದು ಕೇಳಿದ. "ಮ್ಯಾಗ್ನೆಟೊ" ಎಂದುಬಿಟ್ಟ ಇವನು. ಆ ಒಂದು ಸುಳ್ಳನ್ನು ಉಳಿಸಿಕೊಳ್ಳಲು ಅರ್ಧ ಗಂಟೆ ಮ್ಯಾಗ್ನೆಟೊದ ಬಗ್ಗೆ ಹೇಳಬೇಕಾಯಿತು. ಕಿಡಿ ಹೇಗೆ ಹುಟ್ಟುತ್ತದೆ, ಯಾಕೆ ಸಾಯುತ್ತದೆ. ಭೋಜ ಬಾಯಿ ಬಿಟ್ಟುಕೊಂಡು ಕೇಳಿದ. ಶಾಲೆಯಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದರೂ ಯಾರೂ ಹಾಗೆ ಬಾಯಿ ಬಿಟ್ಟು ಕೇಳಿರಲಿಲ್ಲ. ಮುಂದಿನ ಭಾನುವಾರ ಭೋಜ ಇನ್ನಿಬ್ಬರನ್ನು ಕರೆತಂದ. ಅಂದಿನಿಂದ ಜೋಡುಮಾರ್ಗದಲ್ಲಿ, ಬಾವಾನ ಸೈಕಲ್ ಅಂಗಡಿಯ ಎದುರು ಭಾನುವಾರದ ಕೂಟ. ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗಿಂತ ಕೊನೆಗೆ ಹೊರಡುವವನು ಬಾಲಸುಬ್ರಹ್ಮಣ್ಯ. ವಾರದ ಆರು ದಿನ ಅವನು ಈ ಒಂದು ದಿನಕ್ಕಾಗಿ ಉಣ್ಣುತ್ತಾನೆ, ಮಲಗುತ್ತಾನೆ. ಇದು ಕಳೆದುಹೋದರೆ ತನ್ನ ಬಳಿ ಉಳಿಯುವುದು ಒಂಬತ್ತನೆಯ ತರಗತಿ ಮಾತ್ರ ಎಂಬುದು ಅವನಿಗೆ ಚೆನ್ನಾಗಿ ಗೊತ್ತು.

ಅದು ಇಂದೇ ಕಳೆದುಹೋಗುವ ಹಾಗಿತ್ತು. ಗುರುವಾರ ರಮಾನಾಥನ ಕಾರ್ಡು ಬಂದಿತ್ತು. ರಮಾನಾಥನದ್ದು ಬೆಳುವಾಯಿಯಲ್ಲಿ ಅಕ್ಕಿ ಗಿರಣಿ. ಹಳೆಯ ಗಾಡಿ ಕೊಟ್ಟು ಹೊಸ ಬುಲೆಟ್ ತಂದಿದ್ದಾನೆ. ಭಾನುವಾರ ಪೊಳಲಿ ದೇವಸ್ಥಾನದಲ್ಲಿ ಗಾಡಿಗೆ ಪೂಜೆ. 'ತಾವು ನಮಗೆಲ್ಲ ಗುರುಗಳು. ಆದ್ದರಿಂದ ಜೋಡುಮಾರ್ಗದಿಂದ ಪೊಳಲಿಗೆ ತಮ್ಮ ವಾಹನ ಮುಂದೆ, ನಮ್ಮವು ಹಿಂದೆ. ಬರುವುದಿಲ್ಲ ಎನ್ನಬಾರದು.' ಅವನು ಆ ಕಾರ್ಡನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಜ್ವರ ಬಂದರೆ ಆದೀತು ಎಂದು ಬಾವಿಕಟ್ಟೆಯಲ್ಲಿ ಎರಡು ಸಲ ತಣ್ಣೀರು ಹೊಯ್ದುಕೊಂಡ. ಹಸಿವು ಹೆಚ್ಚಿತೇ ವಿನಾ ಜ್ವರ ಬರಲಿಲ್ಲ. ನಿನ್ನೆ ಸಂಜೆ ದಾರಿ ಹೊಳೆಯಿತು. ಮ್ಯಾಗ್ನೆಟೊದ ಒಳಗೆ ಒಂದಕ್ಕೊಂದು ತಾಗಿ ಬಿಟ್ಟು ಕಿಡಿ ಹುಟ್ಟಿಸುವ ಎರಡು ಪುಟ್ಟ ಮುಳ್ಳುಗಳಿವೆ. ಅವುಗಳ ನಡುವೆ ಕಾಗದದ ಚೂರು ಇಟ್ಟರೆ ಕಿಡಿ ಇಲ್ಲ. ಕಿಡಿ ಇಲ್ಲದಿದ್ದರೆ ಗಾಡಿ ಇಲ್ಲ. ಮೇಜಿನ ಮೇಲಿದ್ದ ಉತ್ತರಪತ್ರಿಕೆಯೊಂದರ ಮೂಲೆ ಹರಿದು, ಮಡಚಿ, ಚಿಮುಟದಲ್ಲಿ ಹಿಡಿದು ಒಳಗಿಟ್ಟ. ಮುಚ್ಚಳ ಹಾಕಿ ನಾಲ್ಕು ತಿರುಪು ಬಿಗಿದ. ಕಳ್ಳತನ ಮಾಡುತ್ತಿರುವುದು ತನ್ನದೇ ಗಾಡಿಯಲ್ಲಿ ಎಂಬುದೂ ಒಂದು ಸಮಾಧಾನವಾಗಲಿಲ್ಲ. ಬೆಳಿಗ್ಗೆ ಹೊರಡುವಾಗ ತ್ರಿಪುರಸುಂದರಿ ತನ್ನ ಹಳೆಯ ಧರ್ಮಾವರ ಸೀರೆಯ ಅಂಚಿನಿಂದ ಒಂದು ಕೆಂಪು ತುಂಡು ಹರಿದು ಕೊಟ್ಟಳು. "ಹೊಸ ಗಾಡಿ ಅಲ್ವಾ, ನಿಮ್ಮ ಆ ಕಂಬಕ್ಕೆ ಕಟ್ಟಿ" ಎಂದಳು.

ಆ ಕಂಬದ ವಿಷಯವೂ ಇಷ್ಟೆ. ಬ್ಯಾಟರಿಗೆ ಎರಡು ಕಂಬಗಳು, ಪ್ಲಸ್ ಮತ್ತು ಮೈನಸ್. ಒಂದನ್ನು ಗಾಡಿಯ ಮೈಗೆ ಜೋಡಿಸಬೇಕು. ಯಾವುದನ್ನು? ಪಠ್ಯಪುಸ್ತಕದ ಚಿತ್ರದಲ್ಲಿ ಮೈನಸ್ಸೇ ಮೈಗೆ. ನಾಲ್ಕು ವರ್ಷದ ಹಿಂದೆ ಭೋಜನ ಗಾಡಿಯನ್ನು ಬಿಚ್ಚಿ ನೋಡಿದಾಗ ಅಲ್ಲಿ ಪ್ಲಸ್ಸನ್ನು ಮೈಗೆ ಕೊಟ್ಟಿದ್ದರು. ಯಾರೋ ತಿಳಿಗೇಡಿಯ ಕೆಲಸ ಎಂದು ಬಾಲಸುಬ್ರಹ್ಮಣ್ಯ ಅದನ್ನು ತಿರುಗಿಸಿ ಕಟ್ಟಿದ. ಎಲ್ಲರ ಗಾಡಿಯಲ್ಲೂ ತಿರುಗಿಸಿದ. ಇನ್ನು ಮುಂದೆ ತಪ್ಪಬಾರದೆಂದು, ಮೈಗೆ ತಾಗದ ಪ್ಲಸ್ ಕಂಬಕ್ಕೆ ಕೆಂಪು ಬಟ್ಟೆ ಕಟ್ಟುವ ಕ್ರಮ ಮಾಡಿದ. ಪ್ರತಿ ಭಾನುವಾರ ಎಲ್ಲರೂ ಬ್ಯಾಟರಿ ಪೆಟ್ಟಿಗೆ ತೆರೆದು ನಿಲ್ಲುತ್ತಾರೆ. ಅವನು ಒಂದೊಂದಾಗಿ ಬಗ್ಗಿ, ಕೆಂಪು ಬಟ್ಟೆ ನೋಡಿ, "ಸರಿಯಾಗಿ ಉಂಟು" ಎನ್ನುತ್ತಾನೆ. ತನ್ನ ಬದುಕಿನಲ್ಲಿ ಸುಳ್ಳಲ್ಲದ ಜಾಗ ಅದೊಂದು ಎಂದು ಅವನು ನಂಬಿದ್ದ. ಬಿಡಲು ಬರದಿದ್ದರೇನು, ಗಾಡಿಯ ಒಳಗೆ ಏನಾಗುತ್ತದೆಂದು ಇವರಿಗೆ ಕಲಿಸಿದವನು ನಾನು. ಬೆಳುವಾಯಿಯ ಹತ್ತಿರ ಭೋಜ ಗದ್ದೆಗೆ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಾಗಲೂ ಅವನು ಮೊದಲು ಕೇಳಿದ್ದು, "ಬ್ಯಾಟರಿ ಸರಿ ಉಂಟಾ?" ಎಂದು. "ಬ್ಯಾಟರಿಗೆ ಎಂತ ಆಗ್ಲಿಲ್ಲ ಮಾಷ್ಟ್ರೆ, ಎಮ್ಮೆ ಅಡ್ಡ ಬಂತು" ಎಂದಿದ್ದ ಭೋಜ, ಬಾಯಿಗೆ ಕರವಸ್ತ್ರ ಒತ್ತಿಕೊಂಡು. ಎಮ್ಮೆಗಳನ್ನು ರಸ್ತೆಗೆ ಬಿಡುವವರ ಮೇಲೆ ಅಂದು ಅವನು ಬಹಳ ಸಿಟ್ಟು ಮಾಡಿದ್ದ.

ಎಂಟು ಗಂಟೆಗೆ ಜೋಡುಮಾರ್ಗಕ್ಕೆ ಬಂದವರು ಮೂವರು: ಮಾಲೆ ಹಾಕಿದ ಬುಲೆಟ್ಟಿನಲ್ಲಿ ರಮಾನಾಥ, ತನ್ನ ಹಳೆಯ ಗಾಡಿಯಲ್ಲಿ ಭೋಜ, ಅವನ ಹಿಂದೆಯೇ ಇನ್ನೊಂದು ಗಾಡಿಯಲ್ಲಿ ಬಸ್ ಕಂಪನಿಯ ಬುಕಿಂಗ್ ಏಜೆಂಟ್ ಚಿನ್ನಯ್ಯ. ತುಳುವಿನಲ್ಲಿ ನಗುತ್ತ ಬಂದವರು ಇವನನ್ನು ಕಂಡದ್ದೇ ಪುಸ್ತಕದ ಕನ್ನಡಕ್ಕೆ ತಿರುಗಿ ಗಂಭೀರರಾದರು. ಬಾವಾ ಅಂಗಡಿಯ ಹಲಗೆ ತೆಗೆದು, ಕೈ ಒರೆಸಿಕೊಂಡು ಹೊರಗೆ ಬಂದ. ರಮಾನಾಥ ಬ್ಯಾಟರಿ ಪೆಟ್ಟಿಗೆ ತೆರೆದು ನಿಂತ. ಅಲ್ಲಿ ಆಗಲೇ ಕೆಂಪು ಬಟ್ಟೆ ಇತ್ತು. "ನಿನ್ನೆಯೇ ಬಾವಾ ಕಟ್ಟಿ ಕೊಟ್ಟ" ಎಂದ ರಮಾನಾಥ. "ಸರಿಯಾಗಿ ಉಂಟು" ಎಂದ ಬಾಲಸುಬ್ರಹ್ಮಣ್ಯ. ಜೇಬಿನ ಧರ್ಮಾವರದ ತುಂಡು ಜೇಬಿನಲ್ಲೇ ಉಳಿಯಿತು.

"ಹಾಗಾದರೆ ಹೊರಡುವ" ಎಂದ ರಮಾನಾಥ.

ಬಾಲಸುಬ್ರಹ್ಮಣ್ಯ ಧೈರ್ಯದಿಂದ ಕಿಕ್ ಹೊಡೆದ. ಮೂರು ಸಲ, ನಾಲ್ಕು ಸಲ. ಗಾಡಿ ಕೆಮ್ಮಲೂ ಇಲ್ಲ. ಅವನು ಮುಖವನ್ನು ಸಾಧ್ಯವಾದಷ್ಟು ಸಣ್ಣದು ಮಾಡಿ, "ಮ್ಯಾಗ್ನೆಟೊ" ಎಂದ. "ಇವತ್ತೇ ಆಗಬೇಕಾ! ನೀವು ಹೋಗಿ, ನಾನು ರಿಪೇರಿ ಮಾಡಿ ಹಿಂದಿನಿಂದ ಬರುತ್ತೇನೆ."

"ಅದೆಂತ ಮಾತು ಮಾಷ್ಟ್ರೆ," ಎಂದ ಭೋಜ. "ನೀವು ಕಲಿಸಿದ್ದು ನಾವು ಯಾವಾಗ ಮಾಡುವುದು?" ಎಂದವನೇ ಸ್ಕ್ರೂಡ್ರೈವರ್ ತೆಗೆದ. ನಾಲ್ಕು ವರ್ಷ ಇವನು ಕಲಿಸಿದ ಕ್ರಮದಲ್ಲೇ ಶುರುಮಾಡಿದರು: ಮೊದಲು ಪ್ಲಗ್ಗು, ಆಮೇಲೆ ಅದರ ತಂತಿ, ಆಮೇಲೆ ಮುಚ್ಚಳ. ಕಲಿಸಿದ್ದನ್ನು ಯಾರಾದರೂ ಇಷ್ಟು ಚೆನ್ನಾಗಿ ಕಲಿತದ್ದನ್ನು ಅವನು ಕಂಡದ್ದು ಇದೇ ಮೊದಲು. ಭೋಜ ಚಿಮುಟ ಹಾಕಿ ಕಾಗದದ ಚೂರನ್ನು ಹೊರಗೆ ಎಳೆದ. ಬಿಡಿಸಿದ. ಕೆಂಪು ಶಾಯಿಯಲ್ಲಿ ಹತ್ತಕ್ಕೆ ಮೂರೂವರೆ ಎಂದು ಬರೆದಿತ್ತು.

ನಾಲ್ವರೂ ಅದನ್ನು ನೋಡಿದರು. ಯಾರೂ ಮಾಷ್ಟ್ರ ಮುಖ ನೋಡಲಿಲ್ಲ.

"ಯಾರಿಗೆ ಮಾಷ್ಟ್ರೆ ಮೂರೂವರೆ?" ಎಂದು ಚಿನ್ನಯ್ಯ ಮೆಲ್ಲಗೆ ಕೇಳಿದ.

"ಹುಕ್ರಪ್ಪ ಅಂತ ಒಬ್ಬ" ಎಂಬ ಮಾತು ಬಾಲಸುಬ್ರಹ್ಮಣ್ಯನ ಬಾಯಿಂದ ತಾನಾಗಿಯೇ ಬಂತು.

"ಗಾಳಿಗೆ ಹಾರಿ ಒಳಗೆ ಹೋಗಿರಬೇಕು," ಎಂದ ಬಾವಾ. "ಈ ವಿಲಾಯತಿ ಗಾಡಿಗಳಿಗೆ ಅದೊಂದು ಚಾಳಿ ಉಂಟು."

ನಾಲ್ಕು ತಿರುಪು ಹಾಕಿ ಬಿಗಿದಿದ್ದ, ಗಾಳಿಯೂ ಹೋಗದ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಭೋಜ, "ಹೌದು, ಗಾಳಿ" ಎಂದ. ಚೂರನ್ನು ಮಡಚಿ ಎದೆಯ ಜೇಬಿಗೆ ಹಾಕಿಕೊಂಡು ಕಿಕ್ ಹೊಡೆದ. ಒಂದೇ ಏಟಿಗೆ ಗಾಡಿ ಎದ್ದಿತು.

ಈಗ ಕೂರದೆ ಬೇರೆ ದಾರಿ ಇರಲಿಲ್ಲ. ಬಾಲಸುಬ್ರಹ್ಮಣ್ಯ ಕೂತ. ತನ್ನ ತೊಡೆಯ ನಡುವೆ ಅದು ನಡುಗುತ್ತಿತ್ತು. ಹಿಂದೆ ಮೂರು ಇಂಜಿನ್ನುಗಳು ಕಾಯುತ್ತಿದ್ದವು. ಒಂದು ನಿಮಿಷ. ಎರಡು ನಿಮಿಷ. ಬೀದಿಯಾಚೆ ಬಸ್ಸಿಗೆ ಕಾದಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ನೋಡುತ್ತ ನಿಂತಳು. ಒಂದು ನಾಯಿ ಕೂಡ ಕೂತಿತು. ಮೈದಾನದ ನಲವತ್ತೆರಡು ಮುಖಗಳು ನಿಧಾನವಾಗಿ ಬಂದು ಆ ಹೆಂಗಸಿನ ಹಿಂದೆ ಸಾಲಾಗಿ ನಿಂತವು. ಕ್ಲಚ್ಚಿನ ಒಳಗಿನ ಬಿಲ್ಲೆಗಳ ಚಿತ್ರ, ಅವುಗಳ ಸ್ಪ್ರಿಂಗು, ಎಲ್ಲವೂ ಕಣ್ಣೆದುರಿಗಿತ್ತು. ಬೆರಳು ಮಾತ್ರ ಬಿಚ್ಚಲಿಲ್ಲ. ಆಗ ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಆಯಾಸವಾಯಿತು, ನಾಲ್ಕು ವರ್ಷದ ಆಯಾಸ.

"ನನಗೆ ಬಿಡಲಿಕ್ಕೆ ಬರುವುದಿಲ್ಲ" ಎಂದ.

"ಎಂತ?" ಎಂದು ಕೂಗಿದ ರಮಾನಾಥ. ಇಂಜಿನ್ನುಗಳ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ.

"ನನಗೆ ಮೋಟಾರ್ ಸೈಕಲ್ ಬಿಡಲಿಕ್ಕೆ ಬರುವುದಿಲ್ಲ!" ಎಂದು ಬಾಲಸುಬ್ರಹ್ಮಣ್ಯ ಗಂಟಲು ಹರಿಯುವ ಹಾಗೆ ಅರಚಿದ. ಅರಚುವ ಹೊತ್ತಿಗೆ ಸರಿಯಾಗಿ ಮೂವರೂ ಇಂಜಿನ್ ನಿಲ್ಲಿಸಿದ್ದರು. ಮಾತು ಇಡೀ ಜೋಡುಮಾರ್ಗಕ್ಕೆ ಕೇಳಿತು.

"ಅದು ಗೊತ್ತುಂಟಲ್ಲ ಮಾಷ್ಟ್ರೆ" ಎಂದ ರಮಾನಾಥ, ಇಂದು ಭಾನುವಾರ ಎನ್ನುವ ಧ್ವನಿಯಲ್ಲಿ.

"ಗೊತ್ತುಂಟಾ?"

"ಸೇತುವೆ ಮೇಲೆ ನಿಮ್ಮನ್ನು ಕಾಣದ ಕಂಡಕ್ಟರ್ ಯಾರಿದ್ದಾರೆ?" ಎಂದ ಚಿನ್ನಯ್ಯ. "ಬಸ್ಸು ಬರುವಾಗ ನೀವು ಕೂತುಕೊಳ್ತೀರಂತೆ. ಅದಕ್ಕೆ ಹಾರ್ನ್ ಹಾಕಬೇಡಿ ಅಂತ ನಾನೇ ಹೇಳಿಟ್ಟದ್ದು. ಬೇಗ ಕೂತು ಸೊಂಟ ಹಿಡಿಯಬಾರದಲ್ಲ."

"ನಿಮ್ಮ ಗೇರ್ ಪೆಟ್ಟಿಗೆಯ ಎಣ್ಣೆ ನಾಲ್ಕು ವರ್ಷದಿಂದ ಜೇನಿನ ಹಾಗೆಯೇ ಉಂಟು, ಓಡಿದರಲ್ಲವಾ ಕಪ್ಪಾಗುವುದು" ಎಂದ ಬಾವಾ, ನೆಲ ನೋಡುತ್ತ.

ರಮಾನಾಥನಿಗೆ ಇದೆಲ್ಲ ಹೊತ್ತು ಹಾಳು ಎನ್ನಿಸಿರಬೇಕು. "ನೀವು ದೂಡಿಕೊಂಡು ಮುಂದೆ ಹೋಗುವುದು, ನಾವು ಒಂದನೇ ಗೇರಿನಲ್ಲಿ ಹಿಂದೆ ಬರುವುದು ಅಂತಲೇ ನಾನು ಎಣಿಸಿದ್ದು. ಆರು ಮೈಲಿ. ಅದಕ್ಕೇ ಅಲ್ವಾ ಭಟ್ರ ಹತ್ರ ಹೇಳಿ ಪೂಜೆ ಹನ್ನೊಂದೂವರೆಗೆ ಇಟ್ಟದ್ದು? ಹೋಗುವ, ಹೊತ್ತಾಯಿತು."

ಹೀಗೆ ಮೆರವಣಿಗೆ ಹೊರಟಿತು. ಮುಂದೆ ಬರಿಗಾಲಿನಲ್ಲಿ, ಇಂಜಿನ್ ಆರಿಸಿದ ಮೋಟಾರ್ ಸೈಕಲ್ ದೂಡುತ್ತ ಬಾಲಸುಬ್ರಹ್ಮಣ್ಯ. ಹಿಂದೆ ಮಾಲೆ ಹಾಕಿದ ಬುಲೆಟ್. ಅದರ ಹಿಂದೆ ಇನ್ನೆರಡು, ಆಮೆಯ ನಡಿಗೆಯಲ್ಲಿ, ಕಾಲುಗಳನ್ನು ನೆಲಕ್ಕೆ ಊರುತ್ತ. ಭೋಜನ ಹಿಂದಿನ ಸೀಟಿನಲ್ಲಿ ಬಾವಾ. ಕೈಕಂಬದಲ್ಲಿ ಒಬ್ಬ ಮುದುಕ ಟೊಪ್ಪಿ ತೆಗೆದು ನಿಂತ. ಯಾರೋ ದೊಡ್ಡವರು ತೀರಿಕೊಂಡಿದ್ದಾರೆ ಎಂದುಕೊಂಡನೋ ಏನೋ. ಅವಮಾನ ಎನ್ನುವುದು ಇಷ್ಟು ನಿಧಾನವಾಗಿ, ಇಷ್ಟು ಹೊಗೆ ಬಿಡುತ್ತ ಬರಬಹುದೆಂದು ಬಾಲಸುಬ್ರಹ್ಮಣ್ಯ ಎಣಿಸಿರಲಿಲ್ಲ. ಬೈದಿದ್ದರೆ, ನಕ್ಕಿದ್ದರೆ ಮುಗಿದುಹೋಗುತ್ತಿತ್ತು. ನಾಲ್ಕು ವರ್ಷ ತಾನು ಬಚ್ಚಿಟ್ಟದ್ದನ್ನು ಇವರು ನಾಲ್ಕು ವರ್ಷ ತನ್ನಿಂದಲೇ ಬಚ್ಚಿಟ್ಟಿದ್ದರು. ಒಂದು ಏರು ಹತ್ತುವಾಗ ಬೆವರಿನ ಜೊತೆಗೆ ಬೇರೊಂದು ವಿಚಾರವೂ ಬಂತು: ಗೊತ್ತಿದ್ದೂ ಇವರು ಬಿಟ್ಟುಹೋಗಲಿಲ್ಲವಲ್ಲ. ಯಾಕೆ? ಅರಿವಿಗಾಗಿ. ತನಗೆ ಗೊತ್ತಿರುವ ಕರೆಂಟಿನ ಶಾಸ್ತ್ರಕ್ಕಾಗಿ. ಬಿಡಲು ಯಾವ ಡ್ರೈವರಿಗೂ ಬರುತ್ತದೆ. ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು, ಹ್ಯಾಂಡಲ್ ಹಗುರಾಯಿತು.

ಅರ್ಧ ದಾರಿಯಲ್ಲಿ ಒಂದನೇ ಗೇರಿನ ಇಂಜಿನ್ನುಗಳು ಮುಟ್ಟಲಾಗದಷ್ಟು ಬಿಸಿಯಾಗಿ, ಗೋಳಿಮರದ ಕೆಳಗೆ ನಿಲ್ಲಿಸಬೇಕಾಯಿತು. ಎಲ್ಲರೂ ಬೇರಿನ ಮೇಲೆ ಕೂತರು. ಬಾಲಸುಬ್ರಹ್ಮಣ್ಯ ಮಾತ್ರ ಕೂರಲಿಲ್ಲ. ಅವನಿಗೆ ಈಗ ಗುರುವಾಗಿ ಏನಾದರೂ ಮಾಡಲೇಬೇಕಿತ್ತು. ಜೇಬಿನ ಧರ್ಮಾವರದ ತುಂಡು ನೆನಪಾಯಿತು. ಹೊಸ ಗಾಡಿಗೆ ಹರಕು ಚಿಂದಿ ಯಾಕೆ ಎನ್ನುತ್ತ ಬುಲೆಟ್ಟಿನ ಬ್ಯಾಟರಿ ಪೆಟ್ಟಿಗೆ ತೆರೆದು, ಬಾವಾ ಕಟ್ಟಿದ ಬಟ್ಟೆ ಬಿಚ್ಚಿದ.

"ಮಾಷ್ಟ್ರೆ, ಅದು ಇರಲಿ" ಎಂದು ಬಾವಾ ಎದ್ದು ನಿಂತ.

ಬಟ್ಟೆಯ ಕೆಳಗೆ, ಸೀಸದ ಕಂಬದ ಮೇಲೆ, ಮೈನಸ್ಸಿನ ಗೆರೆ ಕೊರೆದಿತ್ತು. ಮೈಗೆ ಹೋದದ್ದು ಪ್ಲಸ್. ಅವನು ಭೋಜನ ಗಾಡಿಯ ಪೆಟ್ಟಿಗೆ ತೆರೆದ. ಅಲ್ಲಿಯೂ ಕೆಂಪು ಬಟ್ಟೆಯ ಕೆಳಗೆ ಅದೇ ಗೆರೆ. ಚಿನ್ನಯ್ಯನದರಲ್ಲೂ ಅದೇ.

"ಯಾರು ತಿರುಗಿಸಿದ್ದು?"

ಬಾವಾ, "ನಾನೇ" ಎಂದ. "ಈ ಗಾಡಿಗಳನ್ನು ಮಾಡುವಾಗಲೇ ಪ್ಲಸ್ ಮೈಗೆ ಅಂತ ಮಾಡುವುದು ಮಾಷ್ಟ್ರೆ. ನಿಮ್ಮ ಪುಸ್ತಕದಲ್ಲಿ ಬೇರೆ ಇರಬಹುದು. ನೀವು ಹೇಳಿದ ಹಾಗೆ ಕಟ್ಟಿದರೆ ಓಡುವಾಗ ಬ್ಯಾಟರಿ ತುಂಬುವುದಿಲ್ಲ, ಖಾಲಿ ಆಗ್ತದೆ. ಗೊತ್ತಾದ ಮೇಲೆ, ನೀವು ಭಾನುವಾರ ತಿರುಗಿಸಿದ್ದನ್ನು ನಾನು ಸೋಮವಾರ ತಿರುಗಿಸಿದೆ. ಬಟ್ಟೆಯನ್ನೂ ಆಚೆ ಕಂಬಕ್ಕೆ ಕಟ್ಟಿದೆ, ನಿಮಗೆ ಬೇಸರ ಆಗಬಾರದು ಅಂತ."

"ಯಾವಾಗ ಗೊತ್ತಾಯಿತು?"

ಬಾವಾ ಭೋಜನನ್ನು ನೋಡಿದ. ಭೋಜ ಮರದ ಬೇರನ್ನು ಉಗುರಿನಿಂದ ಕೆರೆಯುತ್ತಿದ್ದ. ಬಾಲಸುಬ್ರಹ್ಮಣ್ಯನಿಗೆ ಅದು ಕೂಡಲೇ ತಿಳಿಯಲಿಲ್ಲ. ತಿಳಿದಾಗ, ಬೆಳುವಾಯಿಯ ಗದ್ದೆಯ ಬದಿಯ ಮುಸ್ಸಂಜೆ, ಸಣ್ಣಗಾಗುತ್ತ ಹಳದಿಯಾಗಿ ಆರಿಹೋದ ದೀಪ, ಕಾಣದ ತಿರುವು, ಇವೆಲ್ಲ ತಾನೇ ಗಾಡಿಯ ಮೇಲಿದ್ದವನ ಹಾಗೆ ಕಂಡವು.

"ಎಮ್ಮೆ?" ಎಂದ.

"ಎಮ್ಮೆ ಇರಲಿಲ್ಲ ಮಾಷ್ಟ್ರೆ" ಎಂದ ಭೋಜ.

ಅವನು ಭೋಜನ ಬಾಯಿಯನ್ನೇ ನೋಡಿದ. ಅಲ್ಲಿನ ಕಿಂಡಿಯನ್ನು ಇನ್ನೂರು ಭಾನುವಾರ ನೋಡಿದ್ದ. ಅದರ ಎದುರು ನಿಂತು ಎಮ್ಮೆಯ ಯಜಮಾನರನ್ನು ಬೈದಿದ್ದ. "ನೋವಾಯಿತಾ?" ಎಂದು ಕೇಳಿದ. ಕೇಳಿದ ಮೇಲೆ ಎಂಥ ಪೆದ್ದು ಪ್ರಶ್ನೆ ಎನ್ನಿಸಿತು.

"ಆಗ ಆಯಿತು" ಎಂದ ಭೋಜ.

"ಮತ್ತೆ ಯಾಕೆ ಬಂದಿರಿ? ಇಷ್ಟು ವರ್ಷ? ಬಿಡಲಿಕ್ಕೂ ಬರುವುದಿಲ್ಲ, ಹೇಳಿದ್ದೂ ತಪ್ಪು."

"ಮ್ಯಾಗ್ನೆಟೊದ ಬಗ್ಗೆ ಹೇಳಿದ್ದು ಸರಿ ಉಂಟು" ಎಂದ ಚಿನ್ನಯ್ಯ ನ್ಯಾಯವಾಗಿ.

ಭೋಜ ತಲೆ ಕೆರೆದುಕೊಂಡ. "ನೀವು ಹೇಳುವಾಗ ಕೇಳಲಿಕ್ಕೆ ಖುಷಿ ಆಗ್ತದೆ ಮಾಷ್ಟ್ರೆ. ಹೋಟೆಲಿನಲ್ಲಿ ದಿನವಿಡೀ ಬರೀ ಇಡ್ಲಿ, ಚಹಾ. ಮತ್ತೆ ನೀವು ಅಷ್ಟು ದೂರ ದೂಡಿಕೊಂಡು ಬರುವವರು. ನಾವು ಕೂತು ಬರುವವರು ಬರದಿದ್ದರೆ ಹೇಗೆ?"

ಬಾಲಸುಬ್ರಹ್ಮಣ್ಯ ಬುಲೆಟ್ಟಿನ ಬಳಿಗೆ ಹೋದ. ಆಮೇಲೆ ಬಗ್ಗಿ, ಧರ್ಮಾವರದ ತುಂಡನ್ನು ಬುಲೆಟ್ಟಿನ ಮೈನಸ್ ಕಂಬಕ್ಕೇ ಸುತ್ತಿ, ಎರಡು ಗಂಟು ಹಾಕಿದ. "ಸರಿಯಾಗಿ ಉಂಟು" ಎಂದ. ರಮಾನಾಥ ಪ್ರತಿ ಭಾನುವಾರದ ಹಾಗೆಯೇ ತಲೆ ಬಗ್ಗಿಸಿ ಪೆಟ್ಟಿಗೆ ಮುಚ್ಚಿದ.

ಹೊರಡುವಾಗ ಭೋಜ ತನ್ನ ಗಾಡಿಯನ್ನು ಬಾವಾನ ಕೈಗೆ ಕೊಟ್ಟ. "ನೀವು ಕೂತುಕೊಳ್ಳಿ ಮಾಷ್ಟ್ರೆ. ಕಾಲು ನೋಡಿ, ರಕ್ತ ಬರ್ತಾ ಉಂಟು. ನಾನು ದೂಡ್ತೇನೆ." ಬೇಡ ಎನ್ನಲು ಬಾಲಸುಬ್ರಹ್ಮಣ್ಯನಲ್ಲಿ ಈಗ ಏನೂ ಉಳಿದಿರಲಿಲ್ಲ. ಕೂತ. ಇಂಜಿನ್ ಸತ್ತ ಗಾಡಿಯ ಮೇಲೆ, ಟ್ಯಾಂಕಿಗೆ ಬಿಗಿದ ಹರಿದ ಚಪ್ಪಲಿಗಳನ್ನು ನೋಡುತ್ತ, ಅವನು ಮೊದಲ ಸಲ ಮೋಟಾರ್ ಸೈಕಲಿನಲ್ಲಿ ಹೋದ. ಮುಖಕ್ಕೆ ಗಾಳಿ ತಾಗಿತು. ಗಾಡಿಯಲ್ಲಿ ಹೋಗುವುದೆಂದರೆ ಇದೇ ಎಂದುಕೊಂಡ.

ಪೊಳಲಿ ಇನ್ನು ಅರ್ಧ ಮೈಲಿ ಇದೆ ಎನ್ನುವಾಗ ಇಳಿಜಾರು ಸಿಕ್ಕಿತು. ಕೆಳಗೆ ಗದ್ದೆಗಳು, ಆಚೆ ಫಲ್ಗುಣಿ ಹೊಳೆ. ಗಾಡಿ ತಾನಾಗಿಯೇ ಓಡತೊಡಗಿತು. ಹಿಂದಿನ ಏದುಸಿರು ದೂರವಾಯಿತು; ಭೋಜ ಕೈ ಬಿಟ್ಟಿದ್ದ, ಅಥವಾ ಗಾಡಿಯೇ ಅವನ ಕೈ ಬಿಟ್ಟಿತ್ತು. ಹಿಂದಿನವರೆಲ್ಲ ತುಳುವಿನಲ್ಲಿ ಏನೋ ಕೂಗುತ್ತಿದ್ದರು. ಬಾಲಸುಬ್ರಹ್ಮಣ್ಯನ ಧೋತ್ರ ಪಟಪಟ ಬಡಿಯಿತು. ಬೀಳಲಿಲ್ಲ. ಯಾಕೆ ಬೀಳುತ್ತಿಲ್ಲ ಎಂದು ಅವನಿಗೇ ತಿಳಿಯಲಿಲ್ಲ. ಆಗ ಇಳಿಜಾರಿನ ತುದಿಯಲ್ಲಿ, ಗದ್ದೆಯಿಂದ ಏರಿಬಂದ ಒಂದು ಎಮ್ಮೆ ರಸ್ತೆಗೆ ಅಡ್ಡ ನಿಂತಿತು.

ಅವನು ಹಾರ್ನ್ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ. ತನ್ನ ಗಾಡಿಯ ಬ್ಯಾಟರಿಯನ್ನು ಮಾತ್ರ ಯಾವ ಸೋಮವಾರವೂ ಯಾರೂ ತಿರುಗಿಸಿರಲಿಲ್ಲ. ಶನಿವಾರ ಶನಿವಾರ ಇಂಜಿನ್ ಓಡಿಸಿದಷ್ಟೂ ಅದು ಖಾಲಿಯಾಗುತ್ತ ಬಂದಿತ್ತು. ಈ ಮೂರು ಊರುಗಳಲ್ಲಿ ಅವನ ಮಾತಿನಂತೆ ಕಟ್ಟಿದ ಗಾಡಿ ಇದೊಂದೇ.

"ಪೋಂ!" ಎಂದು ಅವನು ಬಾಯಿಯಿಂದ ಕೂಗಿದ. "ಪೋಂ! ಪೋಂ!"

ಎಮ್ಮೆ ತಿರುಗಿ ನೋಡಿತು. ಸರಿಯಲಿಲ್ಲ. ಅವನು ಬ್ರೇಕ್ ಹಿಡಿದ, ಕಾಲಿನದನ್ನೂ ಕೈಯದನ್ನೂ ಒಟ್ಟಿಗೆ. ಗಾಡಿ ಚೀರಿ, ಅಡ್ಡ ತಿರುಗಿ, ಎಮ್ಮೆಯ ಹೊಟ್ಟೆಯಿಂದ ಒಂದು ಗೇಣು ದೂರದಲ್ಲಿ ನಿಂತಿತು. ಎಮ್ಮೆ ಮೂತಿ ಮುಂದೆ ಮಾಡಿ ಟ್ಯಾಂಕಿನ ಮೇಲಿನ ಚಪ್ಪಲಿಗಳನ್ನು ಮೂಸಿತು. ಬಾಲಸುಬ್ರಹ್ಮಣ್ಯ ಎರಡೂ ಬರಿಗಾಲುಗಳನ್ನು ನೆಲಕ್ಕೆ ಊರಿ ಹಾಗೆಯೇ ಕೂತಿದ್ದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅವನು ನಗುತ್ತಲೂ ಇದ್ದ.

ಭೋಜ ಓಡಿಬಂದು, ಎರಡೂ ಕೈಗಳನ್ನು ಮೊಣಕಾಲಿನ ಮೇಲಿಟ್ಟು ಉಸಿರು ಸುಧಾರಿಸಿಕೊಂಡ. ಎಮ್ಮೆಯನ್ನು ನೋಡಿದ, ಮಾಷ್ಟ್ರನ್ನು ನೋಡಿದ. ಹಲ್ಲಿಲ್ಲದ ಕಿಂಡಿ ಕಾಣುವ ಹಾಗೆ ನಕ್ಕ.

"ನಾನು ಹೇಳಿದ್ದಲ್ವಾ ಮಾಷ್ಟ್ರೆ," ಎಂದ, "ಎಮ್ಮೆ ಅಡ್ಡ ಬಂತು ಅಂತ."